ಬೆನ್ನ ಹಿಂದಿನ ನೆರಿಗೆ

ಸೀರೆ ಉಡುವುದನ್ನು ನಾನು ಎರಡು ಸಲ ಕಲಿತವಳು. ಮೊದಲ ಸಲ ಕಲಿಸಿದ್ದು ನಮ್ಮವ್ವ, ಎರಡನೆಯ ಸಲ ನಾಟಕ ಕಂಪನಿಯವರು. ಇವರಿಬ್ಬರ ನಡುವೆ ಸಿಕ್ಕಿ ಅರ್ಧ ಆಯುಷ್ಯ ಸೀರೆ ಬಿಚ್ಚಿ ಉಡುವುದರಲ್ಲೇ ಕಳೆಯಿತು ಎಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಟೀವಿಯಲ್ಲಿ ನನ್ನನ್ನು ನೋಡಿ ಮನೆಯವಳಂತೆ ಮಾತಾಡಿಸುವ ಜನಕ್ಕೆ ಇದೂ ಗೊತ್ತಿರಲಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಅಪ್ಪ ಕೊಡ್ಲಿಪೇಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ನಮ್ಮದು ಮಡಿಕೇರಿ ಕಡೆಯ ಗೌಡರ ಮನೆ, ಮನೆಮಾತು ಅರೆಭಾಷೆ. ಕೊಡ್ಲಿಪೇಟೆಯವರ ಮಾತು ಹಾಸನದವರ ಹಾಗೆ, ಉಡುಗೆಯೂ ಹಾಗೆಯೇ. ಅವ್ವ ಮಾತ್ರ ಅಲ್ಲಿನ ಸಂತೆಗೆ ಹೋಗುವಾಗಲೂ ನಮ್ಮ ಕಡೆಯವರಂತೆ ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿ, ಸೆರಗನ್ನು ಎಡಗಂಕುಳಿನ ಕೆಳಗಿಂದ ಬಲಭುಜಕ್ಕೆ ತಂದು ಪಿನ್ನು ಹಾಕಿಯೇ ಹೊರಡುತ್ತಿದ್ದಳು. ಅಂಗಡಿಯ ಹೆಂಗಸರು ಬೆನ್ನು ನೋಡಿ ಪಿಸುಗುಟ್ಟಿದರೆ ಇನ್ನಷ್ಟು ನೆಟ್ಟಗೆ ನಡೆಯುತ್ತಿದ್ದಳು.

ನನಗೆ ಸೀರೆ ಉಡುವ ವಯಸ್ಸು ಬಂದಾಗ ಅವಳು ಕತೆ ಹೇಳಿಯೇ ಉಡಿಸಿದ್ದು. ಕಾವೇರಮ್ಮ ನದಿಯಾಗಿ ಹರಿದು ಹೊರಟಳಂತೆ. ನಮ್ಮ ಹೆಂಗಸರು ಹೋಗಬೇಡವೆಂದು ಅಡ್ಡ ನಿಂತರಂತೆ. ನೀರಿನ ರಭಸಕ್ಕೆ ಅವರ ನೆರಿಗೆಯೆಲ್ಲ ಹಿಂದಕ್ಕೆ ತಿರುಗಿ ಅಲ್ಲೇ ಉಳಿಯಿತಂತೆ. ಪೇಟೆಯ ಗೆಳತಿಯರ ಹಾಗೆ ಮುಂದೆ ನೆರಿಗೆ ಹಾಕಲೇ ಎಂದು ನಾನೊಮ್ಮೆ ಕೇಳಿ ಕೆಟ್ಟೆ.

"ಕಾವೇರಮ್ಮ ಹಿಂದೆ ನೂಕಿದ ನೆರಿಗೆನ ಮುಂದೆ ತರಿಕೆ ನೀ ಯಾರ್ ಗೂಡೆ?" ಅಂದಳು. ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ. ನನ್ನ ತಲೆ ನರೆತ ಮೇಲೂ ಅವಳಿಗೆ ನಾನು ಗೂಡೆಯೇ.

ಅಪ್ಪನಿಗೆ ನಾಟಕದ ಹುಚ್ಚು. ಹುಚ್ಚು ಎಂದರೆ ಅಂಥಿಂಥದ್ದಲ್ಲ. ಪಿಕ್ಕಿಂಗ್ ಮುಗಿದು ಕಾಫಿ ಕಣದಲ್ಲಿ ಒಣಗುವ ಹೊತ್ತಿಗೆ ಹುಬ್ಬಳ್ಳಿ ಕಡೆಯ ಒಂದು ಕಂಪನಿ ಕೊಡ್ಲಿಪೇಟೆಯಲ್ಲಿ ತಗಡಿನ ಥಿಯೇಟರ್ ಎಬ್ಬಿಸಿ ಕ್ಯಾಂಪ್ ಹಾಕಿತು ಅನ್ನಿ, ಅಪ್ಪನನ್ನು ಹಿಡಿಯುವವರೇ ಇರಲಿಲ್ಲ. ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡುತ್ತಿದ್ದ, ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ನೋಡಿದ್ದನ್ನೆಲ್ಲ ಮರುದಿನ ಕಣದಲ್ಲಿ ಕಾಫಿ ಹರವುವಾಗ ಮಾಡಿ ತೋರಿಸುತ್ತಿದ್ದೆ. ಕೂಲಿ ಲೈನಿನ ಹೆಂಗಸರು ಕೆಲಸ ಬಿಟ್ಟು ನಗುತ್ತಿದ್ದರು, ಮೇಸ್ತ್ರಿ ಬೈಯುತ್ತಿದ್ದ, ಬೈದು ತಾನೂ ನಿಂತು ನೋಡುತ್ತಿದ್ದ.

ಆ ವರ್ಷ ಕಂಪನಿಯಲ್ಲಿ ರಾಣಿಯ ಸಖಿಯ ಪಾರ್ಟು ಮಾಡುವವಳಿಗೆ ಕೆಪ್ಪಟೆ ಬಂದು ಕೆನ್ನೆ ಕುಂಬಳಕಾಯಿಯಷ್ಟಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನಿಗೆ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಎದ್ದು ಹೋಗಿ "ನನ್ನ ಮಗಳಿಗೆ ಆ ಪಾರ್ಟು ಬಾಯಿಪಾಠ" ಎಂದುಬಿಟ್ಟ. ಕಂಪನಿಯ ಮಾಲೀಕರೂ ನಾಯಕಿಯೂ ಒಬ್ಬರೇ. ಎಲ್ಲರೂ ಅವರನ್ನು ಅಕ್ಕಾವ್ರು ಎನ್ನುತ್ತಿದ್ದರು. ಅವರು ನನ್ನಿಂದ ಎರಡು ಮಾತು ಆಡಿಸಿ, ಒಂದು ಹಾಡು ಹಾಡಿಸಿ, "ನಡೀತದ" ಅಂದರು.

ಮನೆಯಲ್ಲಿ ಮಾತ್ರ ನಡೆಯಲಿಲ್ಲ. ಅವ್ವ ಒಲೆಯ ಮುಂದೆ ಬೆನ್ನು ಹಾಕಿ ಕೂತವಳು ಅಪ್ಪ ಎಷ್ಟು ಗೋಗರೆದರೂ ತಿರುಗಲಿಲ್ಲ. ಕೊನೆಗೆ, ನೀವುಂಟು ನಿಮ್ಮ ಮಗಳುಂಟು, ನನ್ನನ್ನು ಮಾತ್ರ ನೋಡಲು ಕರೆಯಬೇಡಿ ಎಂದಳು. ಅದನ್ನು ಒಪ್ಪಿಗೆ ಎಂದೇ ತಿಳಿದು ಅಪ್ಪ ನನ್ನನ್ನು ಹೊರಡಿಸಿದ.

ಕಂಪನಿಯಲ್ಲಿ ಒಂದು ಕಟ್ಟುನಿಟ್ಟು. ರಂಗದ ಮೇಲೆ ಏನೇ ಆದರೂ ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು. ಪ್ರೇಕ್ಷಕರು ದೇವರ ಸಮಾನ, ದೇವರಿಗೆ ಬೆನ್ನು ಹಾಕುವವರು ಉಂಟೇ? ಇದನ್ನು ನನಗೆ ಹತ್ತಾರು ಸಲ ಹೇಳಿದರು. ಸೀರೆ ಹೇಗೆ ಉಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಹೆಣ್ಣುಮಗಳಿಗೆ ಅದನ್ನು ಹೇಳಬೇಕೆಂದು ಯಾರಿಗೆ ತಾನೆ ಹೊಳೆದೀತು? ಜರಿಯ ಹಸಿರು ಸೀರೆಯೊಂದನ್ನು ಕೈಗಿತ್ತರು. ಬಣ್ಣದ ಕೋಣೆಯ ಮೂಲೆಯಲ್ಲಿ ನಾಚಿಕೊಂಡು, ಅವ್ವ ಕಲಿಸಿದ ಹಾಗೆ ಚೆಂದವಾಗಿ ಉಟ್ಟೆ. ಚಳಿಗೆ ಮೇಲೊಂದು ಶಾಲು ಹೊದ್ದಿದ್ದೆ. ಬೆಲ್ ಹೊಡೆದಾಗ ಅದನ್ನು ತೆಗೆದಿಟ್ಟು ರಂಗಕ್ಕೆ ನಡೆದೆ.

"ಮಹಾರಾಣಿಯವರೇ, ಮಹಾರಾಜರು ಬೇಟೆಯಿಂದ ಮರಳಿದ್ದಾರೆ" ಎಂದು ಅಕ್ಕಾವ್ರ ಮುಂದೆ ಕೈಮುಗಿದೆ. ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ನೆಟ್ಟಿತು. ಅಲ್ಲಿ ಏನೂ ಇಲ್ಲ, ಗೋಡೆಗೆ ಬಟ್ಟೆ ಹೊದಿಸಿದ ಹಾಗೆ ಚಪ್ಪಟೆ. ತುಟಿ ಅಲುಗಿಸದೆ ಗೊಣಗಿದರು: "ಏ ತಂಗಿ, ನಿರಿಗಿ ಎಲ್ಲಿ ಬಿಟ್ಟು ಬಂದಿ?"

ನೆರಿಗೆ ಬಿಚ್ಚಿಹೋಯಿತೇ? ಕೈ ಹಿಂದೆ ಹಾಕಿ ಮುಟ್ಟಿ ನೋಡಿದೆ. ಇದೆ, ಗಟ್ಟಿಯಾಗಿಯೇ ಇದೆ. ಮತ್ತೇಕೆ ಕೇಳುತ್ತಿದ್ದಾರೆ? ಕಾಣಿಸದೆ ಇರಬೇಕು, ತೋರಿಸೋಣ ಎಂದುಕೊಂಡು ಅಕ್ಕಾವ್ರ ಕಡೆಗೆ ಬೆನ್ನು ತಿರುಗಿಸಿ ನಿಂತೆ. ಅವರು ಗಾಬರಿಯಿಂದ ನನ್ನ ಹೆಗಲು ಹಿಡಿದು ಮುಂದಕ್ಕೆ ತಿರುಗಿಸಲು ನೋಡಿದರು. ನಾನೋ, ಅವರಿಗಿನ್ನೂ ಕಂಡಿಲ್ಲವೆಂದು ಇಡೀ ಸುತ್ತು ತಿರುಗಿದೆ. ಜರಿಯ ನೆರಿಗೆ ಬೀಸಣಿಗೆಯಂತೆ ಹರಡಿಕೊಂಡಿದ್ದ ನನ್ನ ಬೆನ್ನು ಥಿಯೇಟರಿಗೆಲ್ಲ ದರ್ಶನ ಕೊಟ್ಟಿತು.

"ಅಯ್ಯೋ, ಕೊಡಗಿನ ರಾಣಿ ಕಣ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ತಗಡು ಹಾರಿಹೋಗುವ ಹಾಗೆ ನಗು. ನಗುವಿನ ನಡುವೆ ನಾಲ್ಕಾರು ಜನ ಎದ್ದು ಚಪ್ಪಾಳೆ ತಟ್ಟಿದರು. ನಮ್ಮ ಕಡೆಯವರೇ ಇರಬೇಕು. ಸೈಡ್ ವಿಂಗಿನಲ್ಲಿ ಅಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಅತ್ತನೋ ನಕ್ಕನೋ ಕೊನೆಗೂ ಹೇಳಲಿಲ್ಲ.

ಅಂದಿಗೆ ನನ್ನ ನಾಟಕ ಮುಗಿಯಿತೆಂದುಕೊಂಡೆ. ಅಕ್ಕಾವ್ರು ಒಳಗೆ ಬಂದವರು ಟ್ರಂಕಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎದ್ದು, ತಾವೇ ಮಂಡಿಯೂರಿ ಕೂತು, ನನ್ನ ಸೀರೆಗೆ ಮುಂದೆ ನೆರಿಗೆ ಹಿಡಿದು ಸಿಕ್ಕಿಸಿದರು. "ನಿಮ್ಮವ್ವ ಉಡಿಸಿದ್ದು ತಪ್ಪಲ್ಲ ಮಗಳ. ಆದರ ಈ ರಾಣಿ ನಿಮ್ಮೂರಾಕಿ ಅಲ್ಲ" ಎಂದರು. ಆ ಹೆಂಗಸನ್ನು ನಾನು ಅಂದಿನಿಂದ ಪ್ರೀತಿಸಿದೆ.

ಕ್ಯಾಂಪ್ ಮುಗಿದು ಕಂಪನಿ ಸಕಲೇಶಪುರಕ್ಕೆ ಹೊರಟಾಗ ನಾನೂ ಹೊರಟೆ. ಅವ್ವ ಅಡ್ಡ ನಿಲ್ಲಲಿಲ್ಲ. ಚೀಲಕ್ಕೆ ಕಿತ್ತಳೆ, ಜೇನು, ಕರಿಮೆಣಸು ತುಂಬಿ ಕೊಟ್ಟು, "ನೆರಿಗೆ ಮುಂದೆ ಹಾಕಿ ಕುಣಿಯವಳ್ನ ನಾ ಯಾವತ್ತೂ ನೋಡಿಕೆ ಬಾಲೆ" ಎಂದಳು. ಬರುವುದಿಲ್ಲ ಎಂದರೆ ಬರುವುದಿಲ್ಲ. ಮಾತಿಗೆ ತಪ್ಪುವ ಜಾಯಮಾನ ಅವಳದಲ್ಲ, ಹಾಳಾದ್ದು ನನಗೂ ಅದೇ ಬಂದಿದೆ.

ಸಖಿಯಿಂದ ರಾಜಕುಮಾರಿಯಾದೆ, ರಾಜಕುಮಾರಿಯಿಂದ ನಾಯಕಿಯಾದೆ. ಜನ ಒನ್ಸ್ ಮೋರ್ ಎಂದರೆ ಸತ್ತು ಬಿದ್ದಲ್ಲಿಂದ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುವಷ್ಟು ಪಳಗಿದೆ. ಊರೂರು ಚಪ್ಪಾಳೆ ತಟ್ಟಿತು. ನನಗೆ ಬೇಕಾಗಿದ್ದುದು ಒಂದೇ: ಒಮ್ಮೆ ಅವ್ವ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ನನ್ನ ಪಾರ್ಟು ನೋಡಬೇಕು. ಕುಶಾಲನಗರ, ಸೋಮವಾರಪೇಟೆ, ಕೊಡ್ಲಿಪೇಟೆಯಲ್ಲಿ ಕ್ಯಾಂಪ್ ಇದ್ದಾಗಲೆಲ್ಲ ಎರಡು ಕುರ್ಚಿ ಹಿಡಿದಿಡಲು ಹೇಳುತ್ತಿದ್ದೆ. ಅಪ್ಪ ಒಬ್ಬನೇ ಬಂದು, ಪಕ್ಕದ ಕುರ್ಚಿಗೆ ತನ್ನ ಟವಲು ಹಾಕಿ, ಯಾರಾದರೂ ಕೇಳಿದರೆ "ಜನ ಬರ್ತಾರೆ" ಎನ್ನುತ್ತಿದ್ದ. ಪರದೆಯ ಸಂದಿಯಿಂದ ಮೊದಲು ನಾನು ನೋಡುತ್ತಿದ್ದುದೇ ಆ ಟವಲನ್ನು.

ಹುತ್ತರಿಗೆ ಮಾತ್ರ ಎಲ್ಲಿದ್ದರೂ ಮನೆಗೆ ಹೋಗಲೇಬೇಕು. ಹೊಸ ಕದಿರು ಮನೆಗೆ ಬರುವ ದಿನ ಮನೆಮಗಳು ಹೊರಗಿದ್ದರೆ ಹೇಗೆ? ಬಸ್ಸಿನಿಂದ ಇಳಿದವಳು ನೇರ ಮನೆಗೆ ಹೋಗುತ್ತಿರಲಿಲ್ಲ. ಎಸ್ಟೇಟಿನ ಲೈನಿಗೆ ಹೋಗಿ, ಕಣದಲ್ಲಿ ನನ್ನ ನಾಟಕ ನೋಡಿ ನಗುತ್ತಿದ್ದ ಹೆಂಗಸೊಬ್ಬಳ ಮನೆಯಲ್ಲಿ ಸೀರೆ ಬಿಚ್ಚಿ, ನೆರಿಗೆ ಹಿಂದೆ ಮಾಡಿ ಉಟ್ಟು, ಆಮೇಲೆ ಅಂಗಳ ತುಳಿಯುತ್ತಿದ್ದೆ. ಅವ್ವ ಜಗಲಿಯಲ್ಲಿ ನಿಂತಿರುತ್ತಿದ್ದಳು. ಬಂದೆಯಾ, ಹೇಗಿದ್ದಿ, ಏನೂ ಇಲ್ಲ.

"ತಿರ್ಗ್" ಎನ್ನುತ್ತಿದ್ದಳು.

ತಿರುಗಿ ಬೆನ್ನು ತೋರಿಸುತ್ತಿದ್ದೆ. ನೆರಿಗೆಯನ್ನು ಕೈಯಿಂದ ನೀವಿ ಸರಿಮಾಡಿ, ಆಮೇಲೆಯೇ ಒಳಗೆ ಬಿಟ್ಟು ಕಡುಬು ಬಡಿಸುತ್ತಿದ್ದಳು. ಆ ಕೈ ಬೆನ್ನ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಇರುತ್ತಿತ್ತು. ನಾಟಕದ ಮಾತು ಅವಳೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಕಂಪನಿ ನಾಟಕಗಳ ಕಾಲವೂ ಮುಗಿಯಿತು. ಜನ ಸಿನಿಮಾ ಕಡೆ ನಡೆದರು, ಅಕ್ಕಾವ್ರು ತಗಡು ಪರದೆ ಮಾರಿ ಊರಿಗೆ ಹೋದರು. ಹೋಗುವಾಗ ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಬೆಂಗಳೂರು ಸೇರಿ ರೇಡಿಯೋ ನಾಟಕ, ಹವ್ಯಾಸಿ ತಂಡ ಎಂದು ಹೇಗೋ ದಿನ ದೂಡಿದೆ. ಅಲ್ಲಿಗೆ ಟೀವಿ ಬಂದ ಮೇಲೆ ಒಬ್ಬ ಎಳೆಯ ನಿರ್ದೇಶಕ ಕರೆಕಳಿಸಿದ. ಕೊಡಗಿನ ತೋಟದ ಮನೆಯೊಂದರ ಯಜಮಾನಿ, ವಿಧವೆ, ಬಾಯಿ ಜೋರು, ಒಳಗೆ ಬೆಣ್ಣೆ. ಆ ಪಾತ್ರ. ಮೊದಲ ಮಾತನ್ನೇ ನಾನು ಕೊನೆಯ ಸಾಲಿಗೆ ಮುಟ್ಟುವಂತೆ ಒದರಿದೆ. "ಮೈಕು ಇಲ್ಲೇ ಇದೆ ಮೇಡಂ, ಮಡಿಕೇರಿಗೆ ನೇರವಾಗಿ ಕೇಳಿಸೋದು ಬೇಡ" ಎಂದ ಪೋರ. ಕೋಪ ಬಂತು, ನಗುವೂ ಬಂತು.

"ನಿಮ್ಮ ಮನೇಲಿ ಹೇಗೆ ಉಡ್ತಾರೋ ಹಾಗೇ ಉಟ್ಟು ಬನ್ನಿ" ಎಂದ. ಅವ್ವ ಕಲಿಸಿದಂತೆ ಉಟ್ಟು ಬಂದೆ. ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗಬೇಕು, ಕ್ಯಾಮೆರಾ ಹಿಂದಿನಿಂದ ಬರುತ್ತದೆ ಎಂದ. ನಾನು ಆಗುವುದಿಲ್ಲ ಎಂದು ನಿಂತೆ. ಇಷ್ಟು ವರ್ಷ ಜನರಿಗೆ ಬೆನ್ನು ತೋರಿಸದವಳು, ಈಗ ತೋರಿಸುವುದೇ? ಆ ಹುಡುಗ ಜಗಳವಾಡಲಿಲ್ಲ. "ಈ ಯಜಮಾನಿ ಯಾರಿಗೂ ತನ್ನ ಮುಖ ತೋರಿಸೋದಿಲ್ಲ ಮೇಡಂ. ಅವಳ ಮನಸ್ಸು ಬೆನ್ನಲ್ಲೇ ಕಾಣಬೇಕು" ಎಂದ. ಒಲೆಯ ಮುಂದೆ ತಿರುಗದೆ ಕೂತಿದ್ದ ಅವ್ವನ ಬೆನ್ನು ನನ್ನ ಕಣ್ಣ ಮುಂದೆ ಬಂತು. ಸುಮ್ಮನೆ ಹೋಗಿ ಮೆಟ್ಟಿಲು ಹತ್ತಿದೆ.

ಪ್ರತಿ ವಾರ ಧಾರಾವಾಹಿ ಆ ಬೆನ್ನಿನಿಂದಲೇ ಶುರುವಾಗುತ್ತಿತ್ತು. ಜನ ಬೀದಿಯಲ್ಲಿ ನನ್ನನ್ನು ಹಿಂದಿನಿಂದಲೇ ಗುರುತಿಸತೊಡಗಿದರು. ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದರೆ ಬೆನ್ನ ಮೇಲೊಂದು ಕೈ ಬೀಳುತ್ತಿತ್ತು: "ನೀವೇ ಅಲ್ವಾ?"

ಮಡಿಕೇರಿಗೂ ಟೀವಿ ಸಿಗತೊಡಗಿತ್ತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ, ಅವ್ವ ಮಡಿಕೇರಿಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದಳು. ಧಾರಾವಾಹಿಯ ದಿನವೇ ಒಮ್ಮೆ ಅಲ್ಲಿದ್ದೆ. ಟೀವಿ ಹಾಕಿದರೆ ಎದ್ದು ಒಳಗೆ ಹೋಗುತ್ತಾಳೆ ಎಂದು ತಮ್ಮ ಮೊದಲೇ ಹೇಳಿದ್ದ. ಅಂದು ಅವನ ಹೆಂಡತಿ, "ಅತ್ತೆ, ಅಕ್ಕನ ನೆರಿಗೆ ಹಿಂದೆನೇ ಉಟ್ಟು, ನೀವೇ ನೋಡಿ" ಎಂದು, ನೆರಿಗೆ ಹಿಂದೆಯೇ ಉಂಟೆಂದು ನಂಬಿಸಿ ಕೈಹಿಡಿದು ಕೂರಿಸಿದಳು.

ಪರದೆಯ ಮೇಲೆ ನನ್ನ ಬೆನ್ನು ಮೆಟ್ಟಿಲು ಹತ್ತಿತು. ಅವ್ವ ಕುರ್ಚಿಯ ತುದಿಗೆ ಸರಿದು ನೆರಿಗೆಯನ್ನು ಒಂದೊಂದಾಗಿ ಎಂಬಂತೆ ನೋಡಿದಳು. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ಅವಳ ಗಮನವೇ ಇರಲಿಲ್ಲ.

"ತಿರ್ಗ್ ಗೂಡೆ" ಎಂದಳು ಟೀವಿಗೆ. "ಮೋರೆ ತೋರ್ಸ್."

ಬಾಗಿಲಲ್ಲಿ ನಿಂತು ಯಜಮಾನಿ ತಿರುಗಿದಳು. ಆಮೇಲೆ ಮುಗಿಯುವವರೆಗೆ ಅವ್ವ ಅಲುಗಲಿಲ್ಲ. ನಗುವಲ್ಲಿ ನಕ್ಕಳು, ಒಂದು ಕಡೆ ಕಣ್ಣು ಒರೆಸಿಕೊಂಡಳು. ನಾನು ಟೀವಿ ನೋಡಲಿಲ್ಲ, ಅವಳನ್ನೇ ನೋಡಿದೆ.

"ನಾಟಕಲಿನೂ ಹಿಂಗೆನೇ ಮಾಡ್ತಿದ್ದಾ?" ಎಂದು ಕೇಳಿದಳು.

"ಹೂಂ ಅವ್ವಾ. ಇದಕ್ಕಿಂತ ಜೋರಾಗಿ."

"ನಾ ಬರೊಕಾಗಿತ್ತ್" ಎಂದಳು.

ಬರಬೇಕಾಗಿತ್ತು ಎಂದು ಈಗ ಹೇಳುತ್ತಾಳೆ! ನನಗೆ ಸಿಟ್ಟು ಉಕ್ಕಿತು. ಅಪ್ಪನ ಟವಲು, ಖಾಲಿ ಕುರ್ಚಿ, ಲೈನಿನ ಮನೆಯಲ್ಲಿ ಕದ್ದು ಸೀರೆ ಬದಲಿಸಿದ್ದು, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಅವಳ ಮುಖ ನೋಡಿದರೆ ಅಳು ಮಾತ್ರ ಬಂತು. ಅವ್ವ ಬೆನ್ನು ಸವರಿದಳು, ಹುತ್ತರಿಯ ದಿನಗಳಂತೆಯೇ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಕುರ್ಚಿಯನ್ನು ಹಾಲಿನ ನಡುವೆ ಎಳೆಸಿಕೊಂಡು ಕೂತಳು. "ಆ ಸಖಿ ಪಾರ್ಟ್ ಗೊತ್ತುಟ್ಟಾ ಇನ್ನೂ? ಮಾಡ್, ನೋಡ್ನೆ" ಎಂದಳು. ನೋಡುತ್ತೇನೆ ಎಂದಳು ಅವ್ವ, ತಾನಾಗಿಯೇ.

"ಸಖಿಗೆ ನೆರಿಗೆ ಮುಂದೆ ಇರೊಕು ಅವ್ವಾ" ಎಂದೆ.

ಅವಳು ಕಾಫಿಯ ಲೋಟ ಕೆಳಗಿಟ್ಟಳು.

"ಮುಂದೆನೇ ಹಾಕ್. ಕಾವೇರಮ್ಮಂಗೆ ನಾ ಹೇಳ್ನೆ."