ಚಿಗವ್ವನ ಮೂರು ಬ್ರೌಸರು

ಒಬ್ಬರಿಗೆ ಮೂರು ಬ್ರೌಸರು ಯಾಕೆ ಬೇಕು? ರಬಕವಿಯ ನಮ್ಮ ಚಿಗವ್ವನೊಂದಿಗೆ, ಎಂದರೆ ಚಿಕ್ಕಮ್ಮನೊಂದಿಗೆ, ಒಂದು ಮಧ್ಯಾಹ್ನವಿಡೀ ಇದೇ ವಾದ ನಡೆಸಿದ್ದೇನೆ. ಜಮಖಂಡಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಪಳಗಿದ ಬಾಯಿ ನನ್ನದು. ಪುರಾವೆ ಕೊಡದವರ ಮಾತನ್ನು ಸುಮ್ಮನೆ ಒಪ್ಪಿದ ನೆನಪಿಲ್ಲ. ಚಿಗವ್ವ ಕೈಮಗ್ಗದ ಸೀರೆ ನೇಯುವವಳು. ಮಗ್ಗದ ಪಕ್ಕದ ಸ್ಟೂಲಿನ ಮೇಲೆ ಅವಳ ಹಳೆಯ ಲ್ಯಾಪ್‌ಟಾಪ್.

ಅವತ್ತು ಬೆಂಗಳೂರಿನ ಕೈಮಗ್ಗ ಮೇಳದ ಮಳಿಗೆಗೆ ಅರ್ಜಿ ಹಾಕಲು ಕೊನೆಯ ದಿನ; ಸಂಜೆ ಐದಕ್ಕೆ ಗಡುವು. ಇಷ್ಟು ವರ್ಷ ಅವಳ ಸೀರೆಗಳು ವ್ಯಾಪಾರಿಗಳ ಹೆಸರಿನಲ್ಲೇ ಮಾರಾಟವಾಗಿದ್ದವು. ಈ ಸಲ ಬೋರ್ಡಿನ ಮೇಲೆ ತನ್ನ ಹೆಸರು ಇರಬೇಕೆಂಬುದು ಅವಳ ಹಟ.

ಮೇಳದ ಪುಟಕ್ಕಾಗಿ ನಾನು ಹುಡುಕಿದೆ. ಮೊದಲು ಬಂದದ್ದನ್ನೇ ಒತ್ತಲು ಹೋದೆ.

"ನಿಂದ್ರಲೇ," ಎಂದಳು. ನೇಕಾರರ ಸಂಘದ ಆಫೀಸಿನಲ್ಲಿ ಅಂಟಿಸಿದ್ದ ನೋಟೀಸಿನಿಂದ ಬರೆದುಕೊಂಡು ಬಂದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸಿದಳು. ನಾನು ಹುಡುಕಿದ್ದರಲ್ಲಿ ಒಂದು ಪದ ಹೆಚ್ಚಿಗೆ ಇತ್ತು.

"ವಿಳಾಸದ ಮುಂದ ಕೀಲಿ ಚಿತ್ರ ಐತಿ ನೋಡ ಚಿಗವ್ವ. ಸುರಕ್ಷಿತ ಅಂತ ಅರ್ಥ."

"ಕೀಲಿ ಯಾರರ ಹಾಕತಾರ. ಮನಿ ಯಾರದು ಅಂತ ಕೀಲಿ ಹೇಳತೈತೇನ?"

ಆ ಸುತ್ತಿನಲ್ಲಿ ನಾನು ಸೋತೆ. ಅವಳು ಸರಿಯಾದ ವಿಳಾಸವನ್ನು ತಾನೇ ಟೈಪು ಮಾಡಿ ಅರ್ಜಿ ತುಂಬತೊಡಗಿದಳು.

ಎರಡನೆಯ ಸುತ್ತು ಆ ಮೂರು ಬ್ರೌಸರುಗಳದು. ಬ್ಯಾಂಕಿಗೆ ಒಂದು, ಅದರಲ್ಲಿ ಬೇರೆ ಯಾವ ಪುಟವನ್ನೂ ತೆರೆಯುವುದಿಲ್ಲ, ಪಾಸ್‌ವರ್ಡ್ ಉಳಿಸುವುದಿಲ್ಲ. ಗಿರಾಕಿಗಳಿಗೆ ಸೀರೆಯ ಚಿತ್ರ ತೋರಿಸಲು ಚುರುಕಾದದ್ದೊಂದು. ಅರ್ಜಿ ತುಂಬಲು ಮಂದಗತಿಯದು. "ಅದ ಯಾಕ ಬೇ? ಎತ್ತಿನ ಗಾಡಿ ಇದ್ದಂಗ ಐತಲ್ಲ!" ಎಂದೆ.

"ಹೊಸ ಬಣ್ಣದ ನೂಲು ಬಂದ್ರ ಏನ ಮಾಡತೇವಿ? ಹಸಿ ಮಾಡಿ ಬಿಳಿ ಅರಿವಿಗೆ ತಿಕ್ಕಿ, ಬಣ್ಣ ಬಿಡತೈತೇನ ನೋಡತೇವಿ. ಇವನ್ನೂ ಹಂಗ ನೋಡೇನಿ." ಅವಳ ಪರೀಕ್ಷೆ ಇಷ್ಟೇ: ಅರ್ಧ ಪುಟ ಟೈಪು ಮಾಡಿ ನೆಟ್ ಬಂದ್ ಮಾಡುವುದು, ಲ್ಯಾಪ್‌ಟಾಪ್ ಮುಚ್ಚಿ ತೆರೆಯುವುದು, ಬರೆದದ್ದು ಉಳಿದಿದೆಯೇ ಎಂದು ನೋಡುವುದು. ಮಂದಗತಿಯದು ಪ್ರತಿ ಸಲವೂ ಉಳಿಸಿಕೊಂಡಿತ್ತಂತೆ. ಕರೆಂಟು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೂ ಹೊಳೆಯಲಿಲ್ಲ. ಆದರೂ ನಾನು ಬಾಯಿ ಮುಚ್ಚಲಿಲ್ಲ. "ಹಂಗಾರ ಇವತ್ತ ಚುರುಕಿನದರಾಗ ಯಾಕ ತುಂಬಾಕತ್ತಿ?" ಎಂದು ಕೇಳಿದೆ. ನಿನ್ನೆ ಮಂದಗತಿಯದರಲ್ಲಿ ಎಲ್ಲ ತುಂಬಿ, ಫೋಟೋ ಹಾಕುವಲ್ಲಿ ಸಿಕ್ಕಿಕೊಂಡಿತ್ತು, ಅದಕ್ಕೇ ಎಂದಳು. "ಮತ್ತ ಆತಲ್ಲ, ನನ್ನ ವಾದ ಖರೆ ಆತಲ್ಲ!" ಎಂದು ಬೀಗಿದೆ.

ನಾಲ್ಕಕ್ಕೆ ಅವಳು ನೇಕಾರರ ಕಾರ್ಡು ಹುಡುಕಲು ಒಳಗೆ ಹೋದಳು. ಚುರುಕಿನ ಬ್ರೌಸರೂ ಈಗ ತೆವಳುತ್ತಿತ್ತು: ಸೀರೆ, ಅಡುಗೆ, ಬಸ್ಸಿನ ವೇಳೆ ಎಂದು ಎಣಿಸಲಾಗದಷ್ಟು ಟ್ಯಾಬುಗಳು. ಉಪಕಾರ ಮಾಡೋಣವೆಂದು ಒಂದೊಂದಾಗಿ ಮುಚ್ಚುತ್ತಾ ಹೋದೆ. ಅವುಗಳ ಜೊತೆ ಎರಡು ತಾಸಿನಿಂದ ತುಂಬಿದ್ದ ಅರ್ಜಿಯೂ ಹೋಯಿತು. ಮತ್ತೆ ತೆರೆದರೆ ಎಲ್ಲಾ ಖಾನೆ ಖಾಲಿ.

ಕಾರ್ಡು ಹಿಡಿದು ಬಂದವಳಿಗೆ ಹೇಳುವಾಗ ನನ್ನ ಚರ್ಚಾಪಟುತ್ವ ಎಲ್ಲಿಗೆ ಹೋಗಿತ್ತೋ! ಅವಳು ಬೈಯಲಿಲ್ಲ. ಮಂದಗತಿಯ ಬ್ರೌಸರು ತೆರೆದಳು. ನಿನ್ನೆಯ ಅರ್ಜಿ ಫೋಟೋದ ಖಾನೆಯೊಂದನ್ನು ಬಿಟ್ಟು ಪೂರ್ತಿಯಾಗಿ ಅಲ್ಲೇ ನಿಂತಿತ್ತು.

"ಇದನ್ನ ಮುಚ್ಚಿರಲಿಲ್ಲೇನ?"

"ಮಗ್ಗದ ಉದ್ದಕ್ಕ ಬಿಗಿದ ಹಾಸು ಮುಗೀತಂತ ಹಳೇ ಎಳಿ ಕಡದು ಒಗೀತೇವೇನ ಹುಚ್ಚಪ್ಪಾ? ಅದರ ತುದಿಗೆ ಹೊಸ ಹಾಸಿನ ಎಳಿ ಒಂದೊಂದ ಗಂಟು ಹಾಕಿ, ಆ ಗಂಟೆಲ್ಲಾ ಹಣಗಿ ದಾಟಿ ಈಚೆ ಬಂದ ಮ್ಯಾಲ ಹಳೇದು ಕಡೀತೇವಿ."

ಎಳೆಗಳು ಒಂದೊಂದಾಗಿ ಹಾಯುವ, ಮಗ್ಗದ ಬಾಚಣಿಗೆಯಂಥ ಹಣಿಗೆಯನ್ನು ಬಾಲ್ಯದಿಂದ ನೋಡಿದ್ದೆ. ಅದರಿಂದ ಇಂಥ ಬುದ್ಧಿ ಕಲಿಯಬಹುದೆಂದು ತಿಳಿದಿರಲಿಲ್ಲ.

ಫೋಟೋ ಸಿಕ್ಕಿಕೊಂಡಿದ್ದು ಬ್ರೌಸರಿನ ತಪ್ಪಲ್ಲ, ಚಿತ್ರ ದೊಡ್ಡದಿತ್ತು. ಸಣ್ಣದು ಮಾಡಿಕೊಟ್ಟೆ, ಆ ದಿನ ನನ್ನಿಂದಾದ ಉಪಯೋಗ ಅದೊಂದೇ. ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಹೋಯಿತು, ಸ್ವೀಕೃತಿಯ ನಂಬರು ಬಂತು.

ಒಂದು ಘಟನೆ ಪುರಾವೆಯಾಗದು. ಬೇಡದ ಟ್ಯಾಬು ಗುಡ್ಡೆ ಹಾಕುವುದು ತಪ್ಪೆಂದು ಇವತ್ತಿಗೂ ವಾದಿಸುತ್ತೇನೆ. ಆದರೆ ಮಂದಗತಿಯದಕ್ಕೆ ಎತ್ತಿನ ಗಾಡಿ ಎನ್ನುವುದನ್ನು ಅಂದೇ ಬಿಟ್ಟೆ.

"ಮುಗೀತಲ್ಲ, ಮುಚ್ಚಲೇನ?" ಎಂದು ಕೇಳಿದೆ.

"ತಡಿ." ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು. ಪರದೆಯ ಜೊತೆ ಒಂದೊಂದು ಅಂಕಿಯನ್ನೂ ತಾಳೆ ನೋಡಿದಳು. ಆಮೇಲೆ ಮಗ್ಗದ ಮುಂದೆ ಕುಳಿತು, ತಿರುಗಿ ನೋಡದೆ ಹೇಳಿದಳು:

"ಹೂಂ. ಈಗ ಕಡಿ."