ಗಾಜಿಗೆ ಸಿಗದ ಹೆಬ್ಬೆರಳು

ಗೆಳೆಯರೇ, ಶಿವಮೊಗ್ಗದ ಕೋಟೆಯ ಹತ್ತಿರದ ಶಾಲೆಯೊಂದರಲ್ಲಿ ಇವತ್ತು ಹೊಸ ರೇಷನ್ ಕಾರ್ಡಿಗೆ ಬೆರಳಚ್ಚು ತೆಗೆಯುತ್ತಿದ್ದರು. ಪಕ್ಕದ ಮನೆಯವರ ಜೊತೆ ಹೋಗಿದ್ದೆ. ಗಿರಿಜಕ್ಕ ಅನ್ನೋಣ, ಹೆಸರು ಬದಲಿಸಿದ್ದೇನೆ. ಹೊಡೆಯುವ ಗಂಡನನ್ನು ಭದ್ರಾವತಿಯಲ್ಲಿ ಬಿಟ್ಟು ಬಂದು, ಎರಡು ವರ್ಷದಿಂದ ಇಲ್ಲಿ ರವಿಕೆ ಹೊಲಿಯುತ್ತಿದ್ದಾರೆ. ಎಲ್ಲಿದ್ದಾರೆಂದು ಅವನಿಗೆ ಗೊತ್ತಿಲ್ಲ.

ಯಂತ್ರದ ಗಾಜು ಕೆರೆಯ ತಳದಂತೆ ಹಸಿರಾಗಿ ಹೊಳೆಯುತ್ತಿತ್ತು. ಗಿರಿಜಕ್ಕ ಅದನ್ನೇ ನೋಡುತ್ತ ಕೇಳಿದರು, "ಇದು ಭದ್ರಾವತೀಲೂ ಕಾಣ್ಸುತ್ತಾ?"

"ಹೆಸರು ಹೊಡೆದ್ರೆ ಸಾಕು ಅಕ್ಕಾ, ಯಾವ ಆಫೀಸಲ್ಲಾದ್ರೂ ಅಡ್ರೆಸ್ ಸಮೇತ ಬರುತ್ತೆ!" ಆಪರೇಟರ್ ಹೆಮ್ಮೆಯಿಂದ ಹೇಳಿದ.

ಗಿರಿಜಕ್ಕ ಬೆರಳು ಹಿಂದಕ್ಕೆಳೆದುಕೊಂಡರು. "ನನ್ ಮೈದುನ ಅಂಥ ಆಫೀಸಲ್ಲೇ ಇರೋದು ಮಾರಾಯ. ಅಕ್ಕಿ ದುಡ್ಡು ಕೊಟ್ಟು ಅಂಗಡೀಲೇ ತಗೋತೀನಿ ಬಿಡು."

ಅಲ್ಲಿಂದ ಬಂದು ತುಂಗೆಯ ಮೆಟ್ಟಿಲ ಮೇಲೆ ಇಬ್ಬರೂ ಬಹಳ ಹೊತ್ತು ಕೂತೆವು. ಗಿರಿಜಕ್ಕ ಸುಮ್ಮನೆ ನೀರಿನ ಮೇಲೆ ಹೆಬ್ಬೆರಳು ಒತ್ತಿದರು. ಒಂದು ಗುರುತೂ ಉಳಿಯಲಿಲ್ಲ. ಅವರ ಮುಖ ನಿರಾಳವಾಯಿತು.

ಶಾಲೆಯಲ್ಲಿ ಅವರಿಗಿಂತ ಮುಂಚೆ ನನ್ನ ಸರದಿ ಬಂದಿತ್ತು. ನಾನು ಒಂದೂ ಪ್ರಶ್ನೆ ಕೇಳದೆ ಬೆರಳು ಒತ್ತಿ, ಥ್ಯಾಂಕ್ಸ್ ಬೇರೆ ಹೇಳಿದ್ದೆ.