ಗೈರುಹಾಜರಿಯ ಪದವಿ

ನನ್ನ ಬಿ.ಎ. ಪದವಿ ಅಂಚೆಯಲ್ಲಿ ಬಂತು. ಪುಣೆಯಲ್ಲಿ ಘಟಿಕೋತ್ಸವ ನಡೆದ ದಿನ ನಾನು ಸೊಲ್ಲಾಪುರದ ಒಂದು ಚರ್ಚಾಸ್ಪರ್ಧೆಯ ವೇದಿಕೆಯ ಮೇಲಿದ್ದೆ. ಬಾಡಿಗೆಯ ಕಪ್ಪು ಗೌನು ತೊಟ್ಟು, ಹುಡ್ ಎಂಬ ಬಣ್ಣದ ಪಟ್ಟಿಯನ್ನು ಬೆನ್ನಿಗೆ ಇಳಿಬಿಟ್ಟುಕೊಂಡರೆ ಓದಿದ್ದು ಹೆಚ್ಚಾಗುತ್ತದೆಯೇ? ಇಲ್ಲ ಎಂಬುದೇ ಆಗ ನನ್ನ ವಾದ, ಈಗಲೂ ಅದೇ.

ಆ ವಾದ ತಂಗಿಯ ಓದಿಗೆ ಅಡ್ಡ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ. ಅವಳು ಮ್ಯಾಟ್ರಿಕ್ ಪಾಸಾಗಿದ್ದಳು. ಕಾಲೇಜಿಗೆ ಕಳಿಸಬೇಕಾದರೆ ಅಕ್ಕಲಕೋಟೆಯ ಅಜ್ಜಿ ಹೂಂ ಅನ್ನಬೇಕು. ಅಪ್ಪ ತಮ್ಮ ತಾಯಿಯ ಮಾತು ಮೀರುವವರಲ್ಲ. ಅಪ್ಪ, ತಂಗಿ, ನಾನು ಮೂವರೂ ಬಸ್ಸು ಹತ್ತಿದೆವು.

ಅಜ್ಜಿ ಅಡಕೆ ಕತ್ತರಿಸುತ್ತಲೇ ಅಪ್ಪನನ್ನು ಕೇಳಿದಳು: "ದೊಡ್ಡಾಕಿ ಪದವಿ ಇಸಗೊಳ್ಳಾಕ ಸೈತ ಹೋಗಲಿಲ್ಲ. ಬ್ಯಾಡಾದ ಸಾಮಾನಿಗೆ ಸಣ್ಣಾಕಿನ್ಯಾಕ ಕಳಸಬೇಕೋ?"

ಉತ್ತರ ನಾನು ಕೊಟ್ಟೆ. "ಹೋಗದಿದ್ರೂ ಕೊಡ್ತಾರ ಅಜ್ಜಿ. ಅದಕ್ಕ 'ಇನ್ ಅಬ್ಸೆನ್ಶಿಯಾ' ಅಂತಾರ. ಅಂದ್ರ ಗೈರುಹಾಜರಿ ಪದವಿ."

"ಹಾಜರಿದ್ದಾಕಿಗೂ ಅದಽ, ಇಲ್ಲದಾಕಿಗೂ ಅದಽ?"

"ಅದಽ. ಸಂಸ್ಥಾನದ ಕಾಲದಾಗ ವರ ಬರದಿದ್ರ ಅವನ ಖಡ್ಗ ಇಟ್ಟು ಲಗ್ನ ಮಾಡ್ತಿದ್ರು ಅಂತ ನೀನಽ ಹೇಳಿದ್ದಿ. ಅದು ಲಗ್ನ ಅಲ್ಲೇನು?"

ಗೆದ್ದೆ ಎಂದುಕೊಂಡೆ. ಅಪ್ಪನೂ ತಲೆಯಾಡಿಸಿದರು.

"ಲಗ್ನ ಖರೇನ. ಆದ್ರ ಅಂವ ಲಡಾಯಿಗಿ ಹೋಗಿರ್ತಿದ್ದ. ನೀ ಎಲ್ಲಿ ಹೋಗಿದ್ದಿ?"

"ಚರ್ಚಾಸ್ಪರ್ಧೆಗೆ."

"ಅಂದ್ರ ಜಗಳಕ್ಕ."

ಅಪ್ಪ ನಗು ತಡೆಯಲಾರದೆ ಕೆಮ್ಮಿದರು. ನನ್ನ ಬಳಿ ಇನ್ನೂ ಮೂರು ವಾದಗಳಿದ್ದವು. ಬಾಯಿ ತೆರೆಯುವಷ್ಟರಲ್ಲಿ ತಂಗಿ, "ಅಕ್ಕಾ, ನೀ ಸುಮ್ಮನಿರು," ಎಂದು ಅಜ್ಜಿಯ ಕಡೆ ತಿರುಗಿದಳು.

"ನನಗ ಗೌನು ಬೇಕಜ್ಜಿ. ಎಲ್ಲಾರ ಮುಂದ ನನ್ನ ಹೆಸರು ಕರೀಬೇಕು, ನಾ ಎದ್ದು ಹೋಗಬೇಕು. ನೀ ಪುಣಾಕ ಬಂದು ಕುಂತು ನೋಡಬೇಕು."

ನಾನು ಗೇಲಿ ಮಾಡಿದ್ದನ್ನೆಲ್ಲ ಅವಳು ಇಷ್ಟು ದಿನ ಒಳಗೊಳಗೇ ಬಯಸಿದ್ದಳೆಂದು ನನಗೆ ಗೊತ್ತಾದದ್ದೇ ಆಗ. ನನ್ನ ಮೂರೂ ವಾದಗಳು ಅಲ್ಲೇ ಉಳಿದವು.

"ಅಷ್ಟು ವರ್ಷ ನಾ ಇರಬೇಕಲ್ಲವ್ವಾ," ಎಂದಳು ಅಜ್ಜಿ.

"ಇರ್ತೀ ತಗೋ. ನೋಡದಽ ಹೋಗಾಕಿ ಅಲ್ಲ ನೀ."

ಅಜ್ಜಿ ಅಡಕತ್ತರಿ ಕೆಳಗಿಟ್ಟಳು. ಗದರಿದ್ದು ಅಪ್ಪನಿಗೆ: "ಕುಂತೀಯಲ್ಲ? ಸಣ್ಣ ಹುಡುಗ್ಯಾರಂಗ ಪರಕರ ಉಟ್ಕೊಂಡು ಕಾಲೇಜಿಗಿ ಹೋಗ್ತಾಳೇನೋ? ಪ್ಯಾಟಿಗಿ ಕರ್ಕೊಂಡು ಹೋಗಿ ಎರಡು ಸೀರಿ ಕೊಡಸು. ಬಣ್ಣ ಆಕಿನಽ ಆರಸಲಿ."

ಅಪ್ಪ ಟೋಪಿ ಹುಡುಕುವಷ್ಟರಲ್ಲಿ ತಂಗಿ ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದಳು.